ಹೊಕ್ಕುಳಿನ ದಾರಿ



ಕಳೆದ ಮಳೆಗಾಲದಲ್ಲಿ ನಮ್ಮ ವಾಳೆಯ ಅಕ್ಕ ಒಬ್ಬರಿಗೆ 29ನೇ ವಾರಕ್ಕೇ ಹೆರಿಗೆಯಾಯಿತು. ಮಗುವಿನ ತೂಕ 1,100 ಗ್ರಾಂ. ಕಾಸರಗೋಡಿನವರಾದ ನಮಗೆ ಇಂಥ ಹೊತ್ತಿನಲ್ಲಿ ನೆನಪಾಗುವುದು ಮಂಗಳೂರೇ. ರಕ್ತ ಬೇಕಾದೀತೆಂದು ಯುವಸಂಘದ ನಾವು ಐದು ಮಂದಿ ತಲಪಾಡಿ ದಾಟಿ ಹೋದೆವು.

ಗಾಜಿನಾಚೆ ಮಗು, ಅದರ ಹೊಕ್ಕುಳಲ್ಲಿ ತೆಳ್ಳಗಿನ ಕೊಳವೆ. ಹೊಕ್ಕುಳಬಳ್ಳಿಯಲ್ಲಿ ಎರಡು ಅಪಧಮನಿ, ಒಂದು ಅಭಿಧಮನಿ ಎಂದು ಬಿಎಸ್ಸಿಯಲ್ಲಿ ಬರೆದು ಅಂಕ ಪಡೆದವರು ನಾವು. ಹುಟ್ಟಿದ ಮೇಲೂ ಕೆಲವು ದಿನ ಆ ಅಭಿಧಮನಿಯ ದಾರಿ ಸಿಗುತ್ತದೆ, ಅದರೊಳಗೆ ಕ್ಯಾತೆಟರ್ ಇಳಿಸಿ ಗ್ಲೂಕೋಸ್, ಅಮೈನೋ ಆಮ್ಲ, ಕೊಬ್ಬನ್ನು ನೇರ ರಕ್ತಕ್ಕೆ ಉಣಿಸುತ್ತಾರೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಎಳೆಯ ಕರುಳು ಹಾಲು ಅರಗಿಸಲು ಕಲಿಯುವವರೆಗೆ ಅದೇ ಊಟ.

ನಾಲ್ಕನೇ ದಿನ ಮಗುವಿನ ಹೊಟ್ಟೆ ಉಬ್ಬಿತು. ಸ್ಕ್ಯಾನ್ ಮಾಡಿದರೆ ಕೊಳವೆಯ ತುದಿ ಯಕೃತ್ತಿನೊಳಗೆ, ಸುತ್ತ ದ್ರವ. ನಮ್ಮಲ್ಲೊಬ್ಬರು (ಹೆಸರು ಬೇಡ, ನಾವೆಲ್ಲ ಹೂಂಗುಟ್ಟಿದವರೇ) 'ಪೈಪ್ ತಪ್ಪಾಗಿ ಹಾಕಿದ್ದಾರೆ' ಎಂದು ವಾಟ್ಸಾಪ್ ಗ್ರೂಪಿಗೆ ಹಾಕಿದರು. ಅರ್ಧ ಗಂಟೆಯಲ್ಲಿ ಅದನ್ನು ಮಗುವಿನ ಅಜ್ಜಿಯೂ ಓದಿದ್ದರು. ಮಗುವನ್ನು ಬೇರೆ ಆಸ್ಪತ್ರೆಗೆ ಒಯ್ಯಬೇಕು, ಇಲ್ಲಿ ಇನ್ನೊಂದು ಪೈಪ್ ಹಾಕಲು ಯಾರೂ ಸಹಿ ಮಾಡಬಾರದು ಎಂದು ಹಠ ಹಿಡಿದರು. ಆ ಸ್ಥಿತಿಯ ಕೂಸನ್ನು ಆಂಬುಲೆನ್ಸಿನಲ್ಲಿ!

ಡಾಕ್ಟರು ಮೊದಲ ದಿನದ ಎಕ್ಸ್‌ರೇ ತೆಗೆದು ತೋರಿಸಿದರು. ಆಗ ತುದಿ ಸರಿಯಾದ ಕಡೆಯೇ ಇತ್ತು, ಕೆಳಗಿನ ದೊಡ್ಡ ಅಭಿಧಮನಿ ಹೃದಯವನ್ನು ಸೇರುವಲ್ಲಿ. ಬಳ್ಳಿಯ ತುಂಡು ಒಣಗಿ ಕುಗ್ಗುತ್ತದೆ, ಹೊಟ್ಟೆ ಉಬ್ಬಿ ಇಳಿಯುತ್ತದೆ, ತುದಿ ಜರುಗುವುದುಂಟು. ಹೆಚ್ಚು ಒಳಗೆ ಹೋದರೆ ಹೃದಯದ ಸುತ್ತ ದ್ರವ ತುಂಬಬಹುದು. ಹಿಂದೆ ಸರಿದರೆ ಯಕೃತ್ತಿಗೆ ಪೆಟ್ಟು. ಜೊತೆಗೆ ಸೋಂಕಿನ ಭಯ, ರಕ್ತ ಹೆಪ್ಪುಗಟ್ಟುವ ಭಯ. ಅದಕ್ಕೇ ಸಾಮಾನ್ಯವಾಗಿ ಎರಡು ವಾರಕ್ಕಿಂತ ಹೆಚ್ಚು ಇಡುವುದಿಲ್ಲವಂತೆ. ಹಾಗಾದರೆ ಹಾಕುವುದೇಕೆ ಎಂದು ಕೇಳಿದೆವು. ಊಟವಿಲ್ಲದೆ ಈ ಮಗು ಎಷ್ಟು ದಿನ ಇದ್ದೀತು ಎಂದು ಅವರು ತಿರುಗಿ ಕೇಳಿದರು.

ಮಗುವಿನ ಅಪ್ಪ ನಮ್ಮ ಕಡೆ ನೋಡಿ, "ಮೊದಲು ಆ ಮೆಸೇಜ್ ಅಳಿಸಿ ಮಾರಾಯ್ರೇ, ರಕ್ತ ಆಮೇಲೆ ಕೊಡಿ" ಎಂದರು.

ಅಳಿಸಿದೆವು. ಅವರು ಸಹಿ ಹಾಕಿದರು. ಹೊಕ್ಕುಳಿನ ಕೊಳವೆ ತೆಗೆದು ತೋಳಿನ ನರದಲ್ಲಿ ಇನ್ನೊಂದನ್ನು ಹಾಕಿದರು. ವಾರ ಕಳೆದು ಅಕ್ಕನ ಹಾಲು, ಒಮ್ಮೆಗೆ 1 ಮಿಲಿಲೀಟರ್, ಮೂಗಿನ ಕೊಳವೆಯಲ್ಲಿ ಹೋಯಿತು. ಎರಡು ತಿಂಗಳಿಗೆ ಮಗು ಮನೆಗೆ ಬಂತು.

ಈಗ ಭಾನುವಾರದ ಪೂಜೆಯಲ್ಲಿ ಅದರ ಅಳು ಗಾಯನ ಮಂಡಳಿಗಿಂತ ಜೋರು. ಅಜ್ಜಿ ನಮ್ಮೊಡನೆ ಮಾತಾಡುತ್ತಾರೆ. ವಾಟ್ಸಾಪ್ ಗ್ರೂಪಿಗೆ ಮಾತ್ರ ಇನ್ನೂ ಮರಳಿ ಬಂದಿಲ್ಲ.