ಬೆಟ್ಟವೇರಿ ಕಂಡ ಹೊಯ್ಸಳ ನಾಡು

ಬೇಲೂರು ಹಳೇಬೀಡುಗಳನ್ನು ಒಂದೇ ಹಗಲಿನಲ್ಲಿ ನೋಡಿ ಮುಗಿಸುವ ಪ್ರವಾಸಿಗಳೇ ಹೆಚ್ಚು. ಬೆಳಿಗ್ಗೆ ಚೆನ್ನಕೇಶವ, ಮಧ್ಯಾಹ್ನ ಹೊಯ್ಸಳೇಶ್ವರ, ಸಂಜೆಗೆ ಊರಿನ ದಾರಿ. ಶಿಲ್ಪದ ಸೊಬಗಿನಿಂದ ಕಣ್ಣು ತುಂಬುತ್ತದೆ, ನಿಜ. ಆದರೆ ಆ ಶಿಲ್ಪವನ್ನು ಹೊತ್ತ ನೆಲದ ಪರಿಚಯವಾಗುವುದಿಲ್ಲ. ಅದನ್ನು ಬಯಸುವವರು ಬೆನ್ನಿಗೊಂದು ಚೀಲವೇರಿಸಿ, ಕಾಲ್ನಡಿಗೆಯಲ್ಲಿ ಬೆಟ್ಟ ಹತ್ತಬೇಕು. ಅದಕ್ಕೆ ತಕ್ಕ ಮೊದಲ ಮಜಲು ಅರಸೀಕೆರೆ.

ಬೆಂಗಳೂರಿನಿಂದ ಹುಬ್ಬಳ್ಳಿಗೆ ಸಾಗುವ ರೈಲುಹಾದಿಯಲ್ಲಿ ಹಾಸನ, ಮೈಸೂರುಗಳ ಕಡೆಗೆ ಕವಲೊಡೆಯುವ ಜಂಕ್ಷನ್ ಇದು. ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಊರಿಗೆ ಈ ಹೆಸರು ಬಂದಿತೆಂದು ಜನ ಹೇಳುತ್ತಾರೆ. ಸುಮಾರು 1220ರಲ್ಲಿ ಕಟ್ಟಿದ ಈಶ್ವರ ದೇವಾಲಯದ ನಕ್ಷತ್ರಾಕಾರದ ಮಂಟಪವನ್ನು ನೋಡಿಕೊಂಡೇ ಮುಂದೆ ಹೊರಡುವುದು ಲೇಸು.

ಊರಿಗೆ ಸಮೀಪದಲ್ಲೇ ಮಾಲೇಕಲ್ಲು ತಿರುಪತಿಯ ಬೆಟ್ಟ. ತಪ್ಪಲಿನಲ್ಲಿ ಗೋವಿಂದರಾಜ, ನೆತ್ತಿಯಲ್ಲಿ ವೆಂಕಟರಮಣ. ನಡುವೆ ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳು. ಆಷಾಢದ ರಥೋತ್ಸವದಲ್ಲಿ ಇಲ್ಲಿ ಜನಸಾಗರ. ಉಳಿದ ದಿನಗಳಲ್ಲಿ ಗಾಳಿಯದೇ ಮಾತು. ಮೇಲೇರಿ ನಿಂತವರಿಗೆ ಈ ಸೀಮೆಯ ಗುಟ್ಟು ತಿಳಿಯುತ್ತದೆ. ಪಡುವಣ ಮೋಡಗಳು ಮಲೆನಾಡಿನಲ್ಲೇ ಬಹುಪಾಲು ಸುರಿದು, ಇಲ್ಲಿಗೆ ಬರುವಾಗ ಬರಿದಾಗಿರುತ್ತವೆ. ಎಲ್ಲಿ ಕೆರೆಯುಂಟೋ ಅಲ್ಲಿ ತೆಂಗಿನ ಹಸಿರು. ಉಳಿದೆಡೆ ರಾಗಿಯ ಹೊಲ, ಕುರುಚಲು ಕಾಡು. ಆದುದರಿಂದ ಮೇಲೆ ನೀರು ಸಿಕ್ಕೀತೆಂದು ನೆಚ್ಚಿ ಹೊರಡಬಾರದು. ಬುತ್ತಿಯಲ್ಲಿ ಅವಲಕ್ಕಿ, ಚಟ್ನಿಪುಡಿ ಕಡಮೆಯಾದರೂ ಚಿಂತೆಯಿಲ್ಲ, ನೀರು ಕಡಮೆಯಾಗಕೂಡದು.

ನೆತ್ತಿಯ ಮೇಲೆ ಡೇರೆ ಹೂಡಿ, ಚುಕ್ಕಿಗಳನ್ನು ಎಣಿಸುತ್ತ ಇರುಳು ಕಳೆಯುವ ಆಸೆ ತರುಣರಿಗೆ ಸಹಜ. ಆದರೆ ಅರಸೀಕೆರೆ ಸುತ್ತಿನ ಕಲ್ಲುಗುಡ್ಡಗಳು ಕರಡಿಗಳ ಮನೆ. ಹಗಲೆಲ್ಲ ಬಂಡೆಗಳ ಸಂದಿನಲ್ಲಿ ಮಲಗುವ ಕರಡಿ, ಮುಸ್ಸಂಜೆಗೆ ಗೆದ್ದಲು, ಜೇನು, ಹಣ್ಣುಗಳನ್ನರಸಿ ಹೊರಡುತ್ತದೆ. ಅದರ ದೃಷ್ಟಿ ಮಂದ. ಹಠಾತ್ತನೆ ಎದುರಾದ ಮನುಷ್ಯನನ್ನು ಕಂಡರೆ ಓಡುವುದಕ್ಕಿಂತ ಮೇಲೆರಗುವುದೇ ಹೆಚ್ಚು. ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿಯಂತೂ ಇನ್ನೂ ಉಗ್ರ. ಹೊತ್ತು ಇಳಿಯುವ ಮೊದಲೇ ಕೆಳಗಿಳಿದು, ಅರಣ್ಯ ಇಲಾಖೆಯವರನ್ನೋ ಜಮೀನಿನ ಒಡೆಯರನ್ನೋ ಕೇಳಿ, ಜನವಸತಿಯ ಬಳಿ ಬೀಡುಬಿಡುವುದೇ ವಿವೇಕ. ಬೇಸಗೆಯಲ್ಲಿ ಒಣಹುಲ್ಲಿನ ನಡುವೆ ಒಲೆ ಹೂಡುವುದಂತೂ ಸಲ್ಲ. ಒಂದು ಕಿಡಿ ಸಾಕು, ಇಡೀ ಗುಡ್ಡ ಬೂದಿಯಾಗಲು.

ಮರುದಿನ ಜಾವಗಲ್ಲಿನ ಮಾರ್ಗವಾಗಿ ಹಳೇಬೀಡು. ಇಲ್ಲಿ ಪುಷ್ಪಗಿರಿಯ ಏರು ಮಕ್ಕಳಿಗೂ ಹಿರಿಯರಿಗೂ ದಣಿವಾಗದಂಥದು. ಮೇಲೆ ಮಲ್ಲಿಕಾರ್ಜುನನ ಗುಡಿ. ಈ ಬಯಲಿನಲ್ಲಿಯೇ ದೋರಸಮುದ್ರವೆಂಬ ರಾಜಧಾನಿ ಮೆರೆಯಿತು. ಅದರ ಹೆಸರೂ ಜಲದ ಹೆಸರೇ ಎಂಬುದನ್ನು ಗಮನಿಸಬೇಕು. 1311ರಲ್ಲಿ ಮಲಿಕ್ ಕಾಫರನ ದಂಡು ಬಂದು ಐಸಿರಿಯನ್ನು ಸೂರೆಗೊಂಡಿತು. ಅರಮನೆಯಿದ್ದ ಬೆಣ್ಣೆಗುಡ್ಡದಲ್ಲಿ ಇಂದು ಅಡಿಪಾಯಗಳಷ್ಟೇ. ರಾಜಧಾನಿ ಹಳೆಯ ಬೀಡಾಯಿತು. ಕೆರೆ ಮಾತ್ರ ಕೆರೆಯಾಗಿಯೇ ಉಳಿಯಿತು.

ಅಲ್ಲಿಂದ 16 ಕಿಲೋಮೀಟರು ಪಡುವಣಕ್ಕೆ ಬೇಲೂರು. ಯಗಚಿಯ ದಡ ಹತ್ತಿರವಾದಂತೆ ಹಸಿರೂ ದಟ್ಟವಾಗುತ್ತದೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಮದನಿಕೆಯರನ್ನು, ಎರಡು ದಿನ ನೀರು ಹೊತ್ತು ನಡೆದವರು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಬಳಪದ ಕಲ್ಲಿನಲ್ಲಿ ಇಷ್ಟು ನಿಧಾನವಾಗಿ ಉಳಿಯಾಡಿಸಬೇಕಾದರೆ ನಾಡಿನ ಹೊಟ್ಟೆ ತುಂಬಿರಬೇಕು. ಹೊಟ್ಟೆ ತುಂಬಬೇಕಾದರೆ ಕೆರೆ ತುಂಬಿರಬೇಕು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಗುಡಿಗಳಿಗೆ ಕಾವಲುಗಾರರಿದ್ದಾರೆ, ಬೇಲಿಯಿದೆ. ದಾರಿಯ ಬೆಟ್ಟಗಳಿಗೆ ಆ ಭಾಗ್ಯವಿಲ್ಲ. ಹತ್ತಿದವರು ತಮ್ಮ ಕಸವನ್ನು ತಮ್ಮ ಚೀಲದಲ್ಲೇ ಕೆಳಗೆ ತಂದರೆ, ಇರುಳನ್ನು ಕರಡಿಗೆ ಬಿಟ್ಟು ಬಂದರೆ, ಅದೇ ಅವುಗಳಿಗೆ ಕಾವಲು.