ಒಂದು ಕೊಡ ನೀರು

ಪ್ಯಾರೀಸ್ ಕಾರ್ನರಿನಲ್ಲಿ ಬಸ್ಸಿಳಿದು, ಉಚ್ಚನ್ಯಾಯಾಲಯದ ಕೆಂಪು ಕಟ್ಟಡದತ್ತ ಬಿಸಿಲಲ್ಲಿ ನಡೆಯುವವರಿಗೆ ಮೊದಲು ಬೇಕೆನಿಸುವುದು ನೆರಳು. 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತವು ಈ ನಗರದ ಸಾವಿರಾರು ಮರಗಳನ್ನು ಉರುಳಿಸಿತು. ಗುಲ್‌ಮೊಹರಿನಂತಹ ಪರದೇಶದ ಮರಗಳೇ ಹೆಚ್ಚಾಗಿ ಬಿದ್ದವು. ಬುಡಕ್ಕೆ ಸಿಮೆಂಟು ಬಿಗಿದ ಮೇಲೆ ಬೇರಿಗೆ ಹಿಡಿತವೆಲ್ಲಿಯದು?

2005ರಲ್ಲಿ ಇಲ್ಲಿ ‘ನಿಳಲ್’ ಎಂಬ ಸಂಸ್ಥೆಯೊಂದು ಹುಟ್ಟಿತು. ಹೆಸರು ಕೇಳಿ ನಮಗೆ ಹಿಗ್ಗಾಯಿತು; ಅದು ನಮ್ಮ ನೆರಳೇ, ಹಳಗನ್ನಡದ ನೆೞಲೇ! ಅದರ ಸ್ವಯಂಸೇವಕರು ಕೋಟ್ಟೂರ್‌ಪುರದಲ್ಲಿ, ಅಡ್ಯಾರ್ ನದಿಯ ದಡದಲ್ಲಿ, ಕಸ ಸುರಿಯುತ್ತಿದ್ದ ನೆಲವನ್ನು ವೃಕ್ಷವನವಾಗಿಸಿದ್ದಾರೆ. ಮರಗಳಿಗೆ ಬಡಿದ ಜಾಹೀರಾತಿನ ಮೊಳೆಗಳನ್ನು ಕೀಳುವುದೂ ಅವರದೇ ಕಾಯಕ.

ಇದರಿಂದ ಉತ್ಸಾಹಗೊಂಡು ನಾವೂ ನೆರೆಹೊರೆಯವರೊಡನೆ ಕಾರ್ನರಿನ ಹಿಂದಿನ ಓಣಿಯಲ್ಲಿ ಹೊಂಗೆಯ ಸಸಿಯೊಂದನ್ನು ನೆಟ್ಟೆವು. ಭಾಷಣವಾಯಿತು, ಭಾವಚಿತ್ರವೂ ಆಯಿತು. ಬೇಸಗೆಯ ರಜೆಗೆ ಊರಿಗೆ ಹೋಗಿ ಮರಳಿದಾಗ ಪಾತಿಯಲ್ಲಿ ಒಣಕಡ್ಡಿಯೊಂದು ನಿಂತಿತ್ತು. ನೀರೆರೆಯಲು ಯಾರಿಗೂ ಹೇಳಿಹೋಗಿರಲಿಲ್ಲ. ಹುಲಿಕಲ್ಲಿನ ತಿಮ್ಮಕ್ಕನವರು ಪತಿಯೊಡನೆ ನೀರು ಹೊತ್ತು ಕುದೂರಿನ ದಾರಿಯುದ್ದಕ್ಕೂ 385 ಆಲದ ಮರಗಳನ್ನು ಸಾಕಿದ ಕಥೆಯನ್ನು ವರ್ಷವರ್ಷವೂ ತರಗತಿಯಲ್ಲಿ ಹೇಳುವವರು ನಾವೇ! 2025ರ ನವೆಂಬರಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂದಂದು ಆ ಕಡ್ಡಿಯೇ ಕಣ್ಣಮುಂದೆ ಸುಳಿಯಿತು.

ಅದೇ ವಾರ, ಈಶಾನ್ಯದ ಮಳೆಯಲ್ಲಿ, ಅದೇ ಪಾತಿಯಲ್ಲಿ ಬೇವನ್ನು ನೆಟ್ಟಿದ್ದೇವೆ. ಈ ಸಲ ರಜೆಗೆ ಹೊರಡುವ ಮುನ್ನವೇ ಪಕ್ಕದ ಮನೆಯ ಅಜ್ಜಿಯನ್ನು ಕೇಳಿಕೊಂಡೆವು. ನಮ್ಮ ತಮಿಳು ಅರ್ಧಕ್ಕೇ ನಿಂತಿತು. ಅಜ್ಜಿ ನಕ್ಕು, ‘ಕುಡಮ್’ ಎಂದು ಒಳಗಿನಿಂದ ಕೊಡವನ್ನೇ ತಂದು ತೋರಿಸಿದರು.