ಕಾಳಿ ಸೀಮೆಯ ಓಟಗಾರರ ಊರುಗಳಲ್ಲಿ

ಹುಬ್ಬಳ್ಳಿಯಿಂದ ತಡಸ ದಾಟಿ ಮುಂಡಗೋಡಿನ ದಾರಿ ಹಿಡಿದರೆ ಬಯಲುಸೀಮೆ ಎಲ್ಲಿ ಮುಗಿಯಿತು, ಮಲೆನಾಡಿನ ಸೆರಗು ಎಲ್ಲಿ ಶುರುವಾಯಿತು ಎಂಬುದೇ ತಿಳಿಯುವುದಿಲ್ಲ. ಗೋವಿನಜೋಳದ ಹೊಲಗಳ ನಡುವೆ ಭತ್ತದ ಗದ್ದೆಗಳು ಇಣುಕುತ್ತವೆ, ಅವುಗಳ ಹಿಂದೆ ಸಾಗುವಾನಿ ಮರಗಳು ಸಾಲುಗಟ್ಟುತ್ತವೆ. ಮುಂಡಗೋಡು ಸಮೀಪಿಸಿತು ಅನ್ನುವಾಗ ಬಸ್ಸಿನೊಳಗೆ ಕಡುಗೆಂಪು ನಿಲುವಂಗಿಯ ನಾಲ್ಕಾರು ಲಾಮಾಗಳು ಹತ್ತಿರುತ್ತಾರೆ. ಅವರಲ್ಲೊಬ್ಬರು ಕಂಡಕ್ಟರರೊಡನೆ ಚಿಲ್ಲರೆಗಾಗಿ ಅಚ್ಚ ಹುಬ್ಬಳ್ಳಿ ಕನ್ನಡದಲ್ಲಿ ವಾದಿಸುತ್ತಿರುತ್ತಾರೆ!

1966ರಲ್ಲಿ ಇಲ್ಲಿ ಟಿಬೆಟಿಯನ್ ನಿರಾಶ್ರಿತರ ವಸತಿ ಆರಂಭವಾಯಿತು. ಊರವರ ಬಾಯಲ್ಲಿ ಅದು 'ಕ್ಯಾಂಪ್'. ಗಾಂದೆನ್, ಡ್ರೆಪುಂಗ್ ಮಠಗಳನ್ನು ನೋಡಲು ಬರುವವರು ಚಿನ್ನದ ಬಣ್ಣದ ಬುದ್ಧನೆದುರು ಫೋಟೊ ತೆಗೆಸಿಕೊಂಡು, ಮೊಮೊ ತಿಂದು ಹಿಂತಿರುಗುತ್ತಾರೆ. ನನ್ನ ಕಣ್ಣು ಹೋದದ್ದು ಒಂದು ಬಯಲಿನ ಅಂಚಿನಲ್ಲಿದ್ದ ಬ್ಯಾಸ್ಕೆಟ್‌ಬಾಲ್ ಕಂಬದ ಮೇಲೆ. ಹಲಗೆಯ ಬಣ್ಣ ಹೋಗಿತ್ತು, ಬಳೆಗೆ ಬಲೆ ಇರಲಿಲ್ಲ. ಆದರೂ ಐದಾರು ಹುಡುಗರು ಸಂಜೆಯ ಬಿಸಿಲಲ್ಲಿ ಬೆವರು ಸುರಿಸುತ್ತ ಆಡುತ್ತಿದ್ದರು. ಅವರಲ್ಲೊಬ್ಬ, ಹದಿನಾಲ್ಕರ ಆಸುಪಾಸಿನವನು, ಎಡಗೈಯಲ್ಲಿ ಚೆಂಡು ಪುಟಿಸುತ್ತ ಎದುರಾಳಿಯನ್ನು ಮೋಸಗೊಳಿಸಿ ಒಳನುಗ್ಗಿದ ರೀತಿ ನೋಡಿ ನಾನು ಅಲ್ಲಿಯೇ ನಿಂತುಬಿಟ್ಟೆ. ಇಂಥವನು ಮುಂದೆ ಎಲ್ಲಿಯವರೆಗೆ ಹೋಗಬಲ್ಲ?

ಈ ಪ್ರಶ್ನೆಗೆ ಉತ್ತರ ಅಷ್ಟು ಸರಳವಲ್ಲ. ಮೊದಲನೆಯದಾಗಿ, ಕೈಯಲ್ಲಿ ನಿರಾಶ್ರಿತರ ಗುರುತಿನ ಚೀಟಿ ಮಾತ್ರ ಇದ್ದರೆ ಭಾರತದ ಅಂಗಿ ತೊಟ್ಟು ಆಡುವಂತಿಲ್ಲ. ಪೌರತ್ವವಿದ್ದರೂ ದಾರಿ ದೂರವೇ. ನಮ್ಮ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ ಏಷ್ಯಾ ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದದ್ದು 1975ರಲ್ಲಿ, ಬ್ಯಾಂಕಾಕಿನಲ್ಲಿ. ಒಲಿಂಪಿಕ್ಸ್‌ಗೆ ಹೋದದ್ದು ಒಮ್ಮೆ ಮಾತ್ರ, 1980ರ ಮಾಸ್ಕೋಗೆ. ಅನೇಕ ದೇಶಗಳು ಬಹಿಷ್ಕಾರ ಹಾಕಿದ್ದರಿಂದ ಬಾಗಿಲು ತೆರೆದಿತ್ತು. ಆಡಿದ ಪಂದ್ಯಗಳನ್ನೆಲ್ಲ ಸೋತು ಬಂದೆವು. 2014ರಲ್ಲಿ ವುಹಾನ್‌ನಲ್ಲಿ ಚೀನಾವನ್ನು ಅದರ ನೆಲದಲ್ಲಿಯೇ 65-58ರಿಂದ ಸೋಲಿಸಿದಾಗ ಆಟ ಬಲ್ಲವರು ಕುಣಿದಾಡಿದರು. ಮಿಕ್ಕವರಿಗೆ ಸುದ್ದಿಯೂ ಮುಟ್ಟಲಿಲ್ಲ. ನಮ್ಮ ಬೆಂಗಳೂರಿನಲ್ಲಿಯೇ 2017ರ ಜುಲೈಯಲ್ಲಿ ಮಹಿಳೆಯರ ಏಷ್ಯಾ ಕಪ್‌ನ 'ಬಿ' ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75-73ರಿಂದ ಗೆದ್ದು ಮೇಲಿನ ವಿಭಾಗಕ್ಕೇರಿತು. ಎರಡು ವರ್ಷ ಬಿಟ್ಟು, 2019ರಲ್ಲಿ, ಅದೇ ಬೆಂಗಳೂರಿನಲ್ಲಿ ಮೇಲಿನ ವಿಭಾಗದ ಎಂಟು ತಂಡಗಳಲ್ಲಿ ಎಂಟನೆಯದಾಯಿತು. ಆ ಸಲ ಕಪ್ ಗೆದ್ದದ್ದು ಜಪಾನ್.

ಈ ಜಪಾನಿನ ಹೆಣ್ಣುಮಕ್ಕಳ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಟೋಕಿಯೊ ಒಲಿಂಪಿಕ್ಸ್‌ಗೆ ಮುಂಚೆ ಅವರ ಅತಿ ಎತ್ತರದ ಆಟಗಾರ್ತಿ, 193 ಸೆಂಟಿಮೀಟರಿನ ರಾಮು ತೊಕಾಶಿಕಿ ಮೊಣಕಾಲಿನ ಗಾಯದಿಂದ ಹೊರಗುಳಿದರು. ಉಳಿದವರ ಸರಾಸರಿ ಎತ್ತರ ಸುಮಾರು 176 ಸೆಂಟಿಮೀಟರ್, ಅಂದರೆ ಐದಡಿ ಒಂಬತ್ತಂಗುಲ. ಬ್ಯಾಸ್ಕೆಟ್‌ಬಾಲ್ ಜಗತ್ತಿನಲ್ಲಿ ಇದು ಗಿಡ್ಡರ ತಂಡ. ಅವರು ಮಾಡಿದ್ದೇನು? ಬಳೆಯ ಕೆಳಗೆ ದೈತ್ಯರೊಡನೆ ಗುದ್ದಾಡುವುದನ್ನು ಬಿಟ್ಟು ದೂರದಿಂದ ಮೂರು ಅಂಕದ ಎಸೆತ, ನಲವತ್ತು ನಿಮಿಷವೂ ನಿಲ್ಲದ ಓಟ. 162 ಸೆಂಟಿಮೀಟರ್ ಎತ್ತರದ ರುಯಿ ಮಾಚಿದಾ ಫ್ರಾನ್ಸ್ ವಿರುದ್ಧದ ಸೆಮಿಫೈನಲ್‌ನಲ್ಲಿ 18 ಬಾರಿ ಜೊತೆಗಾತಿಯರಿಗೆ ಅಂಕ ಗಳಿಸಿಕೊಡುವ ಚೆಂಡು ಕೊಟ್ಟಳು. ಮಹಿಳೆಯರ ಒಲಿಂಪಿಕ್ಸ್‌ನಲ್ಲಿ ಅದು ದಾಖಲೆ. 2021ರ ಆ ಕೂಟದ ಫೈನಲ್‌ನಲ್ಲಿ ಅವರು ಅಮೆರಿಕಕ್ಕೆ ಸೋತರು. ಐದಡಿ ನಾಲ್ಕಂಗುಲದ ಹುಡುಗಿಯೊಬ್ಬಳು ನಮ್ಮಲ್ಲಿ ಬ್ಯಾಸ್ಕೆಟ್‌ಬಾಲ್ ಆಯ್ಕೆಗೆ ಬಂದರೆ ಅಳತೆಪಟ್ಟಿ ಹಿಡಿದವರು ಅವಳ ಆಟ ನೋಡುತ್ತಾರೆಯೇ ಎಂಬ ಅನುಮಾನ ನನಗಂತೂ ಇದೆ.

ದೇಹ ನೋಡಿ ಆರಿಸುವ ಈ ವಿಚಾರಕ್ಕೂ ನಾನು ತಿರುಗಾಡಿದ ಈ ನಾಲ್ಕು ತಾಲ್ಲೂಕುಗಳಿಗೂ ಹಳೆಯ ನಂಟಿದೆ. ಅದನ್ನು ಹುಡುಕಿಕೊಂಡೇ ಬಂದವನು ನಾನು.

ಮುಂಡಗೋಡು, ಹಳಿಯಾಳ, ಯಲ್ಲಾಪುರ, ಜೋಯಿಡಾ ಕಡೆಯ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಜನಾಂಗದವರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರು. ಅನೇಕರು ಪೋರ್ಚುಗೀಸರ ಗುಲಾಮರಾಗಿ ಗೋವಾಕ್ಕೆ ಬಂದು, ತಪ್ಪಿಸಿಕೊಂಡೋ ಬಿಡುಗಡೆಗೊಂಡೋ ಘಟ್ಟದ ಕಾಡು ಸೇರಿದವರ ಮಕ್ಕಳು, ಮೊಮ್ಮಕ್ಕಳು. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ಡಮಾಮಿ ಬಡಿದರೆ ಎಲ್ಲರ ಹೆಜ್ಜೆಯೂ ಒಂದೇ. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಸಂತೆಯಲ್ಲಿ ಕನ್ನಡ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ಆ ಜನಾಂಗದ ಮೊದಲ ಶಾಸಕರಾದರು.

1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ 'ವಿಶೇಷ ಪ್ರದೇಶ ಕ್ರೀಡೆ' ಎಂಬ ಯೋಜನೆ ಹಾಕಿಕೊಂಡಿತು. ಆಗ ಕ್ರೀಡಾ ಖಾತೆಯಲ್ಲಿದ್ದವರು ನಮ್ಮ ಕರಾವಳಿಯವರೇ ಆದ ಮಾರ್ಗರೆಟ್ ಆಳ್ವ. ಆಫ್ರಿಕದ ಓಟಗಾರರು ಒಲಿಂಪಿಕ್ಸ್‌ನಲ್ಲಿ ಪದಕ ಬಾಚುತ್ತಿರುವಾಗ ಅದೇ ರಕ್ತದವರು ನಮ್ಮ ಕಾಡಿನಲ್ಲಿದ್ದಾರಲ್ಲ ಎಂಬ ಆಲೋಚನೆ. ಹಳ್ಳಿಹಳ್ಳಿಗೆ ತರಬೇತುದಾರರು ಬಂದರು. ಕಾಡಿನಲ್ಲಿ ಬರಿಗಾಲಲ್ಲಿ ಓಡಾಡುತ್ತಿದ್ದ ಮಕ್ಕಳನ್ನು ಓಡಿಸಿ, ಜಿಗಿಸಿ, ಆರಿಸಿ, ಹಾಸ್ಟೆಲ್ಲಿಗೆ ಕರೆದೊಯ್ದರು. ಅವರಲ್ಲಿ ಕೆಲವರು ರಾಷ್ಟ್ರಮಟ್ಟಕ್ಕೇರಿದರು. ಹರ್ಡಲ್ಸ್ ಮತ್ತು ಹೆಪ್ಟಾಥ್ಲಾನ್‌ಗಳಲ್ಲಿ ಕಮಲಾ ಸಿದ್ದಿಯ ಹೆಸರು ಪತ್ರಿಕೆಗಳಲ್ಲಿ ಬರತೊಡಗಿತು. ಆದರೆ 1993ರ ಹೊತ್ತಿಗೆ ಸಿದ್ದಿಗಳ ಪಾಲಿಗೆ ಆ ಯೋಜನೆ ಮುಗಿದೇ ಹೋಯಿತು. ಕೆಲವರಿಗೆ ಕ್ರೀಡಾ ಮೀಸಲಿನಲ್ಲಿ ಸರಕಾರಿ ನೌಕರಿ ಸಿಕ್ಕಿತು. ಇನ್ನು ಕೆಲವರು ಊರಿಗೆ ಮರಳಿ ಕೂಲಿಗೆ ನಿಂತರು.

ಆರು ವರ್ಷ! ಹತ್ತು ಹನ್ನೆರಡರ ಮಗುವೊಂದು ಓಟಗಾರನಾಗಿ ಮಾಗಲು ಬೇಕಾದದ್ದು ಅದರ ಎರಡು ಪಟ್ಟು. ಗೇರು ಗಿಡ ನೆಟ್ಟವನೂ ಅದಕ್ಕಿಂತ ಹೆಚ್ಚು ತಾಳ್ಮೆಯಿಂದ ಕಾಯುತ್ತಾನೆ. ರಕ್ತದಲ್ಲಿ ಓಟವಿದೆ ಎಂದು ನಂಬಿದವರಿಗೆ ಕಾಯುವ ಅಗತ್ಯ ಕಾಣಲಿಲ್ಲವೇನೋ. ಕೀನ್ಯಾದ ಹುಡುಗರು ಗೆಲ್ಲುವುದರ ಹಿಂದೆ ಎತ್ತರದ ಪ್ರದೇಶದ ವಾಸವಿದೆ, ಊರಿಗೊಂದರಂತೆ ಓಟದ ಗುಂಪಿದೆ, ಕಣ್ಣೆದುರೇ ಗೆದ್ದು ಬಂದ ಅಣ್ಣಂದಿರಿದ್ದಾರೆ. ಅಷ್ಟಕ್ಕೂ ಸಿದ್ದಿಗಳ ಪೂರ್ವಜರು ಬಂದದ್ದು ಆಫ್ರಿಕದ ಬೇರೆ ಭಾಗಗಳಿಂದ. ಚರ್ಮದ ಬಣ್ಣ ಒಂದಾದ ಮಾತ್ರಕ್ಕೆ ಕಾಲಿನ ಗುಣವೂ ಒಂದೇ ಎನ್ನುವುದು ಶಾಸ್ತ್ರವಲ್ಲ, ಊಹೆ.

ಅದೇ 1987ರಲ್ಲಿ, ಅದೇ ಯೋಜನೆಯವರು ರಾಜಸ್ತಾನದ ಉದಯಪುರ ಕಡೆಯ ಒಂದು ಗುಡ್ಡಗಾಡು ಹಳ್ಳಿಗೂ ಹೋಗಿದ್ದರು. ಬಿದಿರಿನ ಬಿಲ್ಲಿನಿಂದ ಹಕ್ಕಿ, ಮೊಲ ಹೊಡೆಯುತ್ತಿದ್ದ ಲಿಂಬಾರಾಮ್ ಎಂಬ ಬುಡಕಟ್ಟಿನ ಹುಡುಗ ಅಲ್ಲಿ ಸಿಕ್ಕ. ಮರುವರ್ಷ ಆತ ಒಲಿಂಪಿಕ್ಸ್‌ನಲ್ಲಿದ್ದ. 1992ರಲ್ಲಿ ಬೀಜಿಂಗಿನಲ್ಲಿ ವಿಶ್ವದಾಖಲೆಯನ್ನು ಸರಿಗಟ್ಟಿದ. ಅಲ್ಲಿ ಹುಡುಕಿದ್ದು ರಕ್ತವನ್ನಲ್ಲ, ಕೈಗೆ ಆಗಲೇ ಒಲಿದಿದ್ದ ವಿದ್ಯೆಯನ್ನು. ಈ ವ್ಯತ್ಯಾಸ ಸಣ್ಣದಲ್ಲ.

ಕಳೆದ ದಶಕದ ಉತ್ತರಾರ್ಧದಿಂದ ಮುಂಡಗೋಡಿನಲ್ಲಿ ಮತ್ತೆ ಓಟದ ಸದ್ದು ಕೇಳುತ್ತಿದೆ. ನಿತೀಶ್ ಚಿನಿವಾರ ಅವರು ಹುಟ್ಟುಹಾಕಿದ 'ಬ್ರಿಜಸ್ ಆಫ್ ಸ್ಪೋರ್ಟ್ಸ್' ಸಂಸ್ಥೆ ಈ ಭಾಗದ ಸಿದ್ದಿ, ಗೌಳಿ ಮೊದಲಾದ ಸಮುದಾಯಗಳ ಮಕ್ಕಳನ್ನು ತಯಾರು ಮಾಡುತ್ತಿದೆ. ಸಿದ್ದಿಗಳ ಓಟದ ಮಾತು ಮಾತ್ರ ಕೇಳಿದ್ದ ಜಿಲ್ಲೆಯಿಂದ ಗೌಳಿ ಹುಡುಗಿ ನಯನಾ ಕೊಕರೆ ರಾಷ್ಟ್ರಮಟ್ಟದ ಓಟದಲ್ಲಿ ಕಾಣಿಸಿಕೊಂಡದ್ದು ನನಗೆ ಬಹಳ ಖುಷಿ ಕೊಟ್ಟ ಸಂಗತಿ. ಎಮ್ಮೆ ಮೇಯಿಸುವ ಗೌಳಿಗಳ ಕಾಲನ್ನು ಯಾರೂ ಆಫ್ರಿಕದ ನಕ್ಷೆ ಹಿಡಿದು ಹುಡುಕಿರಲಿಲ್ಲವಲ್ಲ! ಇಲ್ಲಿಯ ಬಹು ದೊಡ್ಡ ಅನುಕೂಲವೆಂದರೆ ಮಕ್ಕಳು ಬೆಂಗಳೂರು, ದಿಲ್ಲಿಗಳಿಗೆ ಹೋಗಬೇಕಿಲ್ಲ. ಅಮ್ಮನ ಕೈಯಡುಗೆ ಒಂದು ಬಸ್ಸಿನ ದಾರಿಯಲ್ಲಿದೆ.

ಹಳಿಯಾಳಕ್ಕೆ ಬಂದರೆ ಆಟವೇ ಬೇರೆ. ಇದು ಕುಸ್ತಿಯ ಊರು. ಧಾರವಾಡ, ಬೆಳಗಾವಿ ಸೀಮೆಯ ಗರಡಿಯ ಗಾಳಿ ಇಲ್ಲಿಗೂ ಬೀಸಿದೆ. ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದಗೊಳಿಸಿದ ಕೆಂಪು ಮಣ್ಣಿನಲ್ಲಿ ಹೊರಳಿ ಬೆಳೆದ ಪೈಲ್ವಾನರ ಕಥೆಗಳನ್ನು ಚಹಾದಂಗಡಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಯುವಜನ ಸೇವಾ ಇಲಾಖೆಯ ಕುಸ್ತಿ ಹಾಸ್ಟೆಲ್ ಕೂಡ ಇಲ್ಲಿದೆ. ಈಗ ಮಣ್ಣಿನ ಜಾಗದಲ್ಲಿ ಮ್ಯಾಟ್ ಬಂದಿದೆ. ಹುಡುಗಿಯರೂ ಪಟ್ಟು ಹಾಕುತ್ತಾರೆ. ಸಿದ್ದಿ ಜನಾಂಗದ ಲೀನಾ ಸಿದ್ದಿ ಇಲ್ಲಿಂದ ರಾಷ್ಟ್ರಮಟ್ಟದ ಕುಸ್ತಿಗೆ ಹೋದವಳು. ಮೂವತ್ತೈದು ವರ್ಷದ ಹಿಂದೆ ಇವಳನ್ನೂ ಬರೀ ಓಡಲು ಹಚ್ಚುತ್ತಿದ್ದರೋ ಏನೋ.

ಹಳಿಯಾಳದಿಂದ ದಾಂಡೇಲಿ ಮಾರ್ಗವಾಗಿ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ತಾಯಿ, ಕಿಟಕಿಗೆ ಮಗಳು. ಏಳನೆಯ ತರಗತಿಯ ಹುಡುಗಿ. ಶಾಲೆಯ ಆಟದ ಮಾಸ್ತರರು ಕ್ರೀಡಾ ಹಾಸ್ಟೆಲ್ಲಿನ ಆಯ್ಕೆಗೆ ಕಳಿಸಿರೆಂದು ಹೇಳಿದ್ದಾರಂತೆ. ನಾನು ಪತ್ರಿಕೆಗೆ ಬರೆಯುವವನೆಂದು ತಿಳಿದ ಮೇಲೆ ಆಕೆ ದನಿ ತಗ್ಗಿಸಿ ಕೇಳಿದರು: "ಓಡಿದ್ರ ನೌಕರಿ ಸಿಗ್ತೈತೇನ್ರೀ ಸರ?"

ಹೂಂ ಅನ್ನಲು ಬಾಯಿ ಬರಲಿಲ್ಲ, ಇಲ್ಲ ಅನ್ನಲೂ. ಕೆಲವರಿಗೆ ಸಿಕ್ಕಿದೆ ಅಕ್ಕಾ, ಎಲ್ಲರಿಗೂ ಅಲ್ಲ ಎಂದೆ. ಹಾಸ್ಟೆಲ್ಲಿಗೆ ಹಾಕುವ ಮೊದಲು ಅಲ್ಲಿಂದ ಹೊರಬಂದ ದೊಡ್ಡ ಮಕ್ಕಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಾರೋ ಇಲ್ಲವೋ ವಿಚಾರಿಸಿರಿ ಎಂದೆ. ಅವರೆಷ್ಟು ಕಪ್ ಗೆದ್ದರೆಂಬುದಕ್ಕಿಂತ ಅದು ಮುಖ್ಯ. ಕಾಲು ಉಳುಕಿದರೆ ಆಸ್ಪತ್ರೆಗೆ ಯಾರು ಒಯ್ಯುತ್ತಾರೆ, ತರಬೇತುದಾರರು ವರ್ಷಕ್ಕೊಬ್ಬರು ಬದಲಾಗುತ್ತಾರೋ ನೆಲೆಯಾಗಿ ಇದ್ದಾರೋ, ಹಬ್ಬಕ್ಕೆ ಮನೆಗೆ ಬಿಡುತ್ತಾರೋ ಇಲ್ಲವೋ. ಇನ್ನೊಂದು ಮಾತನ್ನೂ ಹೇಳಿದೆ. ಈ ವಯಸ್ಸಿನಲ್ಲಿ ಹೆಣ್ಣುಮಕ್ಕಳು ಒಮ್ಮೆಲೇ ಬೆಳೆಯುತ್ತಾರೆ, ಗಂಡುಮಕ್ಕಳು ಒಂದೆರಡು ವರ್ಷ ತಡವಾಗಿ. ಹನ್ನೆರಡು ಹದಿಮೂರಕ್ಕೆ ಬೇಗ ಬೆಳೆದವರು ಎಲ್ಲರಿಗಿಂತ ಮುಂದಿರುತ್ತಾರೆ, ಹದಿನೇಳಕ್ಕೆ ಉಳಿದವರು ಬಂದು ಹಿಡಿಯುತ್ತಾರೆ. ಆದ್ದರಿಂದ ಈ ಸಲ ಆರಿಸದಿದ್ದರೆ ಹುಡುಗಿಯಲ್ಲಿ ಏನೂ ಇಲ್ಲವೆಂದು ತಿಳಿಯಬೇಡಿ. ಆರಿಸಿದರೆ ನೌಕರಿ ಸಿಕ್ಕಂತೆಯೇ ಎಂದೂ ತಿಳಿಯಬೇಡಿ. ಆಕೆ ತಲೆಯಾಡಿಸಿದರು. ಕಿಟಕಿಯ ಕಡೆ ಮುಖ ಮಾಡಿದ್ದ ಹುಡುಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳೆಂಬುದು ಅವಳ ಕಿವಿಯಿಂದಲೇ ಗೊತ್ತಾಗುತ್ತಿತ್ತು.

ದಾಂಡೇಲಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಕಾಗದದ ಕಾರ್ಖಾನೆಯ ವಾಸನೆ, ರಬ್ಬರ್ ದೋಣಿಯಲ್ಲಿ ಕಾಳಿ ನದಿಗಿಳಿಯಲು ಬಂದ ಪಟ್ಟಣದ ಹುಡುಗರ ಗದ್ದಲ. ಈಚಿನ ವರ್ಷಗಳಲ್ಲಿ ದಾಂಡೇಲಿ ತಾಲ್ಲೂಕು ಕೇಂದ್ರವೂ ಆಗಿದೆ. ಹೆಚ್ಚು ಹೇಳುವುದು ಬೇಡ, ಪ್ರವಾಸದ ಪುಸ್ತಕಗಳಲ್ಲೆಲ್ಲ ಇದೆ.

ಅಲ್ಲಿಂದ ಮುಂದೆ ಗಣೇಶಗುಡಿಯ ದಾರಿಯಲ್ಲಿ ಕಾಡು ಕವಿಯುತ್ತದೆ. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಗುಡ್ಡಗಳ ನಡುವೆ ಒಮ್ಮೆ ಮುಖ ತೋರಿಸಿ ಮರೆಯಾಗುತ್ತದೆ. ಅದರ ಹಿಂದಿನ ನೀರಿನಡಿಯಲ್ಲಿ ಹಳೆಯ ಸೂಪಾ ಪೇಟೆ ಮಲಗಿದೆ. ಅಲ್ಲಿಂದ ಎದ್ದ ಅನೇಕರು ರಾಮನಗರದಲ್ಲಿ ಮನೆ ಕಟ್ಟಿಕೊಂಡರು, ತಾಲ್ಲೂಕಿಗೆ ಜೋಯಿಡಾ ಎಂಬ ಹೆಸರು ಬಂತು. ರಾಜ್ಯದ ಅತಿ ವಿರಳ ಜನವಸತಿಯ ತಾಲ್ಲೂಕುಗಳಲ್ಲಿ ಇದೊಂದು. ಹುಲಿ ಸಂರಕ್ಷಿತ ಪ್ರದೇಶದ ನಡುವೆ ಚದುರಿದ ಕುಣಬಿಗಳ ಮನೆಗಳು, ಗೆಡ್ಡೆ ಗೆಣಸಿನ ಹಿತ್ತಿಲುಗಳು. ಇಲ್ಲಿ ಹಲವು ಮಕ್ಕಳಿಗೆ ಶಾಲೆಯೆಂದರೆ ಮೈಲುಗಟ್ಟಲೆ ನಡಿಗೆ, ಮಳೆಗಾಲದಲ್ಲಿ ಹಳ್ಳ ದಾಟುವ ಸಾಹಸ. ಪೇಟೆಯವರು ಇದನ್ನು 'ಸ್ಟ್ಯಾಮಿನಾ' ಎಂದು ಕೊಂಡಾಡುತ್ತಾರೆ. ನಡೆಯುವ ಮಗುವಿಗೆ ಅದು ದಣಿವು. ಸಂಜೆ ಐದಕ್ಕೆ ಶಾಲೆ ಬಿಟ್ಟು ಕತ್ತಲಾಗುವುದರೊಳಗೆ ಮನೆ ಸೇರಬೇಕಾದವಳು ಆಟದ ಅಭ್ಯಾಸಕ್ಕೆ ಎಷ್ಟು ಹೊತ್ತು ನಿಂತಾಳು? ಒಂದು ಕಡೆಯ ಬಸ್ಸು ಅರ್ಧ ಗಂಟೆ ತಡವಾಗಿ ಬಿಟ್ಟರೆ ಒಂದಿಡೀ ಶಾಲೆಯ ಆಟ ಸುಧಾರಿಸಬಹುದಾದ ಸೀಮೆ ಇದು.

ಜೋಯಿಡಾಕ್ಕೆ ಇನ್ನೂ ಸ್ವಲ್ಪ ದೂರವಿರುವಾಗಲೇ ಕಾಡಿನ ತಿರುವೊಂದರಲ್ಲಿ ತಾಯಿ ಮಗಳು ಇಳಿದರು. ಆಕೆ ಕೆಳಗಿನಿಂದಲೇ ಕೈಯೆತ್ತಿ, "ಕೇಳ್ತೀನ್ರಿ ಸರ, ಎಸ್ಸೆಸ್ಸೆಲ್ಸಿ ಮಾತು ಕೇಳ್ತೀನಿ" ಅಂದರು. ಹುಡುಗಿ ಆಗಲೇ ಚೀಲ ಬೆನ್ನಿಗೇರಿಸಿ ಏರುದಾರಿಯಲ್ಲಿ ಓಡುತ್ತಿದ್ದಳು. ಬಸ್ಸು ಹೊರಟಾಗ, ಚಪ್ಪಲಿ ಕಿತ್ತೀತು ಸಾವಕಾಶ ಹೋಗು ಎಂದು ತಾಯಿ ಕೂಗುತ್ತಿದ್ದುದು ಕೇಳಿಸಿತು.